ವಲಸಿಗರು ಬಂದರೆ ಸ್ಥಳೀಯರ ಕೂಲಿ ಇಳಿಯುತ್ತದೆಯೇ? ಮಯಾಮಿಯ ಪ್ರಕರಣ

ಪ್ರಶ್ನೆ:
1980ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಅವರಲ್ಲಿ ಅರ್ಧದಷ್ಟು ಮಂದಿ ಮಯಾಮಿಯಲ್ಲೇ ನೆಲೆಸಿದ್ದರಿಂದ ಆ ನಗರದ ದುಡಿಯುವವರ ಸಂಖ್ಯೆ ಒಮ್ಮೆಲೇ ಶೇ 7ರಷ್ಟು ಏರಿತು. ಪೂರೈಕೆ ಹೆಚ್ಚಿದರೆ ಬೆಲೆ ಇಳಿಯುತ್ತದೆಂದು ಪಿಯುಸಿಯಲ್ಲೇ ಓದಿದ್ದೇವೆ. ಹಾಗಿದ್ದೂ ಕೂಲಿ ಇಳಿಯಲೇ ಇಲ್ಲವೆಂದು ಕೆಲವು ಅರ್ಥಶಾಸ್ತ್ರಜ್ಞರು ಹೇಳುವುದು ಹೇಗೆ?

ಉತ್ತರ 1:
ತಾವು ಹೇಳುತ್ತಿರುವುದು ಡೇವಿಡ್ ಕಾರ್ಡ್ ಅವರ 1990ರ ಅಧ್ಯಯನವನ್ನು. ಅವರು ಮಯಾಮಿಯನ್ನು ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್ ಮತ್ತು ಟ್ಯಾಂಪಾ ನಗರಗಳೊಡನೆ ಹೋಲಿಸಿ ನೋಡಿದಾಗ, ಕೌಶಲವಿಲ್ಲದ ಸ್ಥಳೀಯರ ಕೂಲಿಯಲ್ಲಾಗಲಿ ನಿರುದ್ಯೋಗದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಂದವರು ದುಡಿಯುವುದರ ಜೊತೆಗೆ ಮನೆ ಬಾಡಿಗೆ ಕೊಡುತ್ತಾರೆ, ದಿನಸಿ ಕೊಳ್ಳುತ್ತಾರೆ; ಹೀಗೆ ಪೂರೈಕೆಯೊಂದಿಗೆ ಬೇಡಿಕೆಯೂ ಬೆಳೆಯುತ್ತದೆ. ಅಲ್ಲದೆ, ಬೇರೆ ಕಡೆಗಳಿಂದ ಮಯಾಮಿಗೆ ಬರಬಹುದಾಗಿದ್ದವರು ಆ ವರ್ಷಗಳಲ್ಲಿ ಕಡಿಮೆಯಾದರು.

ಉತ್ತರ 2:
ಕಾರ್ಡ್ ಅವರ ಅಧ್ಯಯನಕ್ಕೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಎತ್ತಿದ ಆಕ್ಷೇಪವನ್ನೂ ಹೇಳಬೇಕು. ಹೈಸ್ಕೂಲು ಮುಗಿಸದ, ಲ್ಯಾಟಿನ್ ಮೂಲದವರಲ್ಲದ ಗಂಡಸರನ್ನಷ್ಟೇ ಬೇರ್ಪಡಿಸಿ ನೋಡಿದರೆ ಕೂಲಿ ಶೇ 10ರಿಂದ 30ರವರೆಗೆ ಕುಸಿದಿತ್ತೆಂದು ಅವರು ವಾದಿಸಿದರು. ಪೆಟ್ಟು ಬೀಳುವುದಾದರೆ ಎಲ್ಲರಿಗಿಂತ ಮೊದಲು ಯಾರಿಗೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಷ್ಟು ಸಣ್ಣ ಗುಂಪಿಗೆ ಸಮೀಕ್ಷೆಯಲ್ಲಿ ಸಿಕ್ಕವರು ತೀರಾ ಕಡಿಮೆ. ಮೇಲಾಗಿ ಅದೇ ಸಮಯದಲ್ಲಿ ಸಮೀಕ್ಷೆಯೊಳಗೆ ಕಪ್ಪು ಜನಾಂಗದ ಪುರುಷರ ಪಾಲು ಹೆಚ್ಚಿತ್ತೆಂದು ಕ್ಲೆಮೆನ್ಸ್ ಮತ್ತು ಹಂಟ್ ತೋರಿಸಿದರು. ಆ ಪುರುಷರ ಸರಾಸರಿ ಕೂಲಿ ಮೊದಲಿನಿಂದಲೂ ಕಡಿಮೆಯಿದ್ದುದರಿಂದ, ಕುಸಿತದ ಬಹುಪಾಲು ಸಮೀಕ್ಷೆಗೆ ಸಿಕ್ಕವರು ಬದಲಾದುದರ ಫಲವಾಗಿರಬಹುದು.

ಉತ್ತರ 3:
ಇದನ್ನು ತಿರುಗಿಸಿಯೂ ಪರೀಕ್ಷಿಸಬಹುದು. ಮೆಕ್ಸಿಕೋದ ಕೃಷಿ ಕಾರ್ಮಿಕರನ್ನು 1942ರಿಂದ ಕರೆತರುತ್ತಿದ್ದ ಬ್ರಸೇರೊ ಯೋಜನೆಯನ್ನು, ಸ್ಥಳೀಯರ ಕೂಲಿ ಏರಲೆಂದು 1964ರ ಕೊನೆಗೆ ನಿಲ್ಲಿಸಲಾಯಿತು. ಆ ಕಾರ್ಮಿಕರು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಕೂಲಿ ಉಳಿದ ರಾಜ್ಯಗಳಿಗಿಂತ ವಿಶೇಷವಾಗಿ ಏರಲಿಲ್ಲ. ಹೆಚ್ಚು ಕೂಲಿ ಕೊಟ್ಟು ಸ್ಥಳೀಯರನ್ನು ಕರೆಯುವ ಬದಲು ಕ್ಯಾಲಿಫೋರ್ನಿಯಾದ ಬೆಳೆಗಾರರು ಟೊಮ್ಯಾಟೊ ಕೊಯ್ಯಲು ಯಂತ್ರ ತಂದರು. ಯಂತ್ರದ ಹೊಡೆತ ತಾಳುವ ತಳಿಯೂ ಸಿದ್ಧವಾಗಿತ್ತು. ಯಂತ್ರ ಒಗ್ಗದ ಕೆಲವು ಬೆಳೆಗಳ ಉತ್ಪಾದನೆಯೇ ಇಳಿಯಿತು.

ಪ್ರಶ್ನೆ ಕೇಳಿದವರು:
ಹಾಗಾದರೆ ವಲಸೆಯಿಂದ ಯಾರಿಗೂ ನಷ್ಟವಿಲ್ಲವೆಂದು ತಿಳಿಯಬಹುದೇ?

ಉತ್ತರ 2 ಬರೆದವರು:
ಅಷ್ಟು ದೂರ ಹೋಗಲಾಗದು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2016ರ ವರದಿಯ ಪ್ರಕಾರ ದೀರ್ಘಾವಧಿಯಲ್ಲಿ ಸ್ಥಳೀಯರ ಒಟ್ಟಾರೆ ಕೂಲಿಯ ಮೇಲೆ ಪರಿಣಾಮ ತೀರಾ ಅಲ್ಪ. ನಷ್ಟ ಕಂಡುಬಂದಲ್ಲಿ ಅದನ್ನು ಅನುಭವಿಸುವವರು ಹೆಚ್ಚಾಗಿ ಹಿಂದೆ ಬಂದು ಅದೇ ಕೆಲಸಗಳಲ್ಲಿರುವ ವಲಸಿಗರು, ಅವರ ನಂತರ ಹೈಸ್ಕೂಲು ಮುಗಿಸದ ಸ್ಥಳೀಯರು.