ಹಳೇ ಆಫೀಸ್ ಬಿಲ್ಡಿಂಗಲ್ಲಿ ಆಸ್ಬೆಸ್ಟಾಸ್ ಇದ್ಯಾ ಅಂತ ಹೇಗೆ ನೋಡೋದು? ಇದ್ರೆ ಎಲ್ಲಾ ಕಿತ್ತು ಹಾಕ್ಲೇಬೇಕಾ?

ಕಟ್ಟಡಪಾಲಕ:
ಗೊತ್ತಿರೋರು ಸ್ವಲ್ಪ ಹೇಳಿ. ನಾನು ಮೇಂಟೆನೆನ್ಸ್ ನೋಡ್ಕೊಳ್ಳೋದು ಒಂದು ಹಳೇ ಕಮರ್ಷಿಯಲ್ ಬಿಲ್ಡಿಂಗು, ಕೆಳಗೆ ಅಂಗಡಿ ಮೇಲೆ ಆಫೀಸು. ಟೆರೇಸಲ್ಲಿ ಸಿಮೆಂಟ್ ಶೀಟ್ ಇದೆ, ಬೇಸ್‌ಮೆಂಟಲ್ಲಿ ಬಾಯ್ಲರ್ ಪೈಪಿಗೆ ಬಿಳೀ ಪ್ಲಾಸ್ಟರ್ ಥರದ್ದೇನೋ ಮೆತ್ತಿ ಮೇಲೆ ಬಟ್ಟೆ ಸುತ್ತಿದಾರೆ, ಒಂದ್ಕಡೆ ಅದು ಹರಿದು ಪುಡಿ ಉದುರ್ತಿದೆ. ಈಗ ಎರಡನೇ ಫ್ಲೋರಿನ ಫಾಲ್ಸ್ ಸೀಲಿಂಗ್ ತೆಗೆದು ಹೊಸ ಎಸಿ ಡಕ್ಟ್ ಹಾಕ್ಸಿ ಅಂತ ಓನರ್ ಹಿಂದೆ ಬಿದ್ದಿದಾರೆ. ಒಬ್ಬ ಕಂಟ್ರಾಕ್ಟರ್ ಮೊದ್ಲು ಟೆಸ್ಟ್ ಮಾಡ್ಸಿ ಅಂದ, ಇನ್ನೊಬ್ಬ ಏನೂ ಆಗಲ್ಲ ಸಾರ್ ರಜಾ ದಿನ ಒಡೆದು ಸಾಗಿಸ್ಬಿಡ್ತೀನಿ ಅಂತಾನೆ. ಕಣ್ಣಲ್ಲಿ ನೋಡಿ ಹೇಳೋಕಾಗುತ್ತಾ?

ಧೂಳುಮೇಷ್ಟ್ರು:
ಒಡೆದು ಸಾಗಿಸ್ತೀನಿ ಅನ್ನೋನಿಗೆ ಕೀ ಕೊಡ್ಬೇಡಿ ಸಾರ್. ಕಣ್ಣಲ್ಲಿ ನೋಡಿ ಅನುಮಾನ ಪಡ್ಬೋದು ಅಷ್ಟೇ, ಖಾತ್ರಿ ಆಗೋದು ಲ್ಯಾಬಲ್ಲಿ ಮೈಕ್ರೋಸ್ಕೋಪ್ ಕೆಳಗೆ. ರಿಪೋರ್ಟ್ ಬರೋವರೆಗೂ ಇದೆ ಅಂತಲೇ ಅಂದ್ಕೊಂಡು ನಡೀಬೇಕು.

ನೀವು ಶೀಟ್ ಬಗ್ಗೆ ಮೊದ್ಲು ಬರೆದ್ರಿ, ನನಗೆ ಭಯ ಆಗ್ತಿರೋದು ಆ ಪೈಪಿಂದು. ಆಸ್ಬೆಸ್ಟಾಸ್ ಅಂದ್ರೆ ಕಲ್ಲಿಂದ ಬರೋ ಸಣ್ಣ ನಾರು, ಶೀಟಲ್ಲಿ ಸಾಮಾನ್ಯವಾಗಿ ನೂರಕ್ಕೆ 10-15 ಭಾಗ ಅದು ಇದ್ರೂ ಸಿಮೆಂಟ್ ಅದನ್ನ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ. ಪೈಪಿನ ಲ್ಯಾಗಿಂಗ್, ಅಂದ್ರೆ ಶಾಖ ಹೋಗ್ದಂಗೆ ಮೆತ್ತಿರೋದು, ಹಾಗಲ್ಲ, ಕೈಯಲ್ಲಿ ಒತ್ತಿದ್ರೆ ಪುಡಿ, ಆ ನಾರು ಕಣ್ಣಿಗೂ ಕಾಣ್ದೆ ಗಾಳೀಲಿ ಗಂಟೆಗಟ್ಲೆ ತೇಲುತ್ತೆ. ಇವತ್ತೇ ಬೇಸ್‌ಮೆಂಟಿಗೆ ಬೀಗ ಹಾಕಿ ಬೋರ್ಡ್ ಹಚ್ಚಿ, ಉದುರಿರೋದನ್ನ ಯಾರೂ ಪೊರಕೆ ಹಾಕಿ ಗುಡಿಸ್ಬಾರ್ದು, ಮಾಮೂಲಿ ವ್ಯಾಕ್ಯೂಮ್ ಅಂತೂ ಬೇಡ್ವೇ ಬೇಡ, ಅದು ಹಿಂದಿನಿಂದ ನಾರನ್ನ ವಾಪಸ್ ಗಾಳಿಗೆ ಊದುತ್ತೆ.

ಸ್ಯಾಂಪಲ್ ನೀವೇ ಕೀಳೋಕೆ ಹೋಗ್ಬೇಡಿ. ಟ್ರೈನಿಂಗ್ ಆದೋರು ಬಂದ್ರೆ ಹೇಗೆ ಮಾಡ್ತಾರೆ ಗಮನಿಸಿ: ಜಾಗವನ್ನ ಸೋಪು ನೀರಲ್ಲಿ ನೆನೆಸಿ, ಚಿಕ್ಕ ಚೂರು ತೆಗೆದು, ಎರಡು ಕವರಲ್ಲಿ ಹಾಕಿ ನಂಬರ್ ಬರೆದು, ತೆಗೆದ ಗಾಯವನ್ನ ಸೀಲ್ ಮಾಡ್ತಾರೆ. ಒಂದೇ ಪೈಪಲ್ಲೂ ಒಂದೇ ಸ್ಯಾಂಪಲ್ ಸಾಕಾಗಲ್ಲ, ಬೆಂಡ್ ಹತ್ರ ಒಬ್ಬ ಒಂದು ಕಾಲದಲ್ಲಿ ಮೆತ್ತಿರ್ತಾನೆ, ನೇರ ಭಾಗಕ್ಕೆ ಇನ್ನೊಬ್ಬ ರಿಪೇರಿ ಮಾಡಿರ್ತಾನೆ. ಆಮೇಲೆ ಸೀಲಿಂಗ್ ಒಡೆಯೋದಾದ್ರೆ ಮೇಲ್ಮೇಲೆ ನೋಡೋ ಸರ್ವೆ ಸಾಲಲ್ಲ, ಸೀಲಿಂಗ್ ಮೇಲೆ, ಗೋಡೆ ಬೋರ್ಡ್ ಹಿಂದೆ, ಹಳೇ ಡಕ್ಟ್ ಜಾಯಿಂಟ್, ನೆಲದ ಟೈಲ್ಸ್ ಕೆಳಗಿನ ಕಪ್ಪು ಅಂಟು, ಎಲ್ಲಾ ಬಿಚ್ಚಿ ನೋಡೋ ಸರ್ವೆ ಬೇಕು, ಅದೂ ಆ ಜಾಗ ಖಾಲಿ ಮಾಡ್ಸಿ.

ಸುಮ್ನೆಒಬ್ಬ:
ಸುಮ್ನೆ ಹೆದರಿಸ್ತೀರ ಗುರುಗಳೇ. ನಮ್ಮ ಗೋಡೌನ್ ಮೇಲೆ ಎಷ್ಟೋ ವರ್ಷದಿಂದ ಇದೇ ಶೀಟು, ಯಾರಿಗೂ ಕೆಮ್ಮು ಕೂಡ ಬಂದಿಲ್ಲ.

ಧೂಳುಮೇಷ್ಟ್ರು:
ಗಟ್ಟಿಯಾಗಿರೋ ಶೀಟ್ ತನ್ನ ಪಾಡಿಗೆ ಇದ್ರೆ ಅಪಾಯ ಕಮ್ಮಿನೇ, ನಾನೂ ಅದನ್ನೇ ಹೇಳಿದ್ದು. ಆದ್ರೆ ಕೆಮ್ಮು ಬಂದಿಲ್ಲ ಅನ್ನೋದು ಲೆಕ್ಕಕ್ಕಿಲ್ಲ, ಈ ನಾರು ಉಸಿರಲ್ಲಿ ಒಳಗೆ ಹೋಗಿ ಬರೋ ಮೀಸೋಥೀಲಿಯೋಮಾ ಅನ್ನೋ ಕ್ಯಾನ್ಸರ್ ಕಾಣಿಸ್ಕೊಳ್ಳೋಕೆ 20ರಿಂದ 50 ವರ್ಷ ಹಿಡಿಯುತ್ತೆ. ಆ ಶೀಟಿಗೆ ಡ್ರಿಲ್ ಹಾಕೋದು, ಪಾಚಿ ತೆಗೆಯೋಕೆ ಪ್ರೆಶರ್ ವಾಶ್ ಹೊಡೆಯೋದು ಮಾತ್ರ ಮಾಡ್ಬೇಡಿ.

ವೈರಿಂಗ್_ಅಣ್ಣ:
ನಾನು ಎಲೆಕ್ಟ್ರಿಷಿಯನ್, ನಮ್ಮ ಕಡೆಯಿಂದ ಒಂದು ಮಾತು. ಸರ್ವೆ ಮಾಡ್ಸಿ ಎಲ್ಲೆಲ್ಲಿ ಆಸ್ಬೆಸ್ಟಾಸ್ ಇದೆ ಅಂತ ರಿಜಿಸ್ಟರ್ ಬರೆದು ಬೀರುವಲ್ಲಿ ಇಟ್ಬಿಡ್ತಾರೆ, ಏಣಿ ಹತ್ತಿ ಸೀಲಿಂಗಿಗೆ ತೂತು ಹಾಕೋ ನಮಗೆ ಯಾರೂ ತೋರ್ಸಲ್ಲ. ಧೂಳು ಕುಡಿಯೋದು ನಾವು. ಹಳೇ ಫ್ಯೂಸ್ ಕ್ಯಾರಿಯರ್ ಎಳೆದ್ರೆ ಒಳಗೆ ಬೂದು ಬಿಳೀ ನೇಯ್ಗೆ ಥರ ಒಂದು ಚೂರು ಇರುತ್ತಲ್ಲ, ಅದೂ ಆಸ್ಬೆಸ್ಟಾಸ್ ಆಗಿರ್ಬೋದು, ಪ್ಯಾನೆಲ್ ಹಿಂದಿನ ಬೋರ್ಡೂ ಅಷ್ಟೇ. ಕೆಲಸಕ್ಕೆ ಬಂದೋರು ರಿಜಿಸ್ಟರ್ ಓದಿ ಸಹಿ ಹಾಕ್ದೆ ಡ್ರಿಲ್ ಆನ್ ಮಾಡಂಗಿಲ್ಲ ಅಂತ ರೂಲ್ ಮಾಡಿ ಸಾರ್. ಮತ್ತೆ ಮೆಡಿಕಲ್ ಶಾಪಲ್ಲಿ ಸಿಗೋ ನೀಲಿ ಮಾಸ್ಕ್ ಕೊಟ್ಟು ಕಳಿಸ್ಬೇಡಿ, ಈ ನಾರಿಗೆ ಅದು ಇದ್ದೂ ಇಲ್ದಂಗೆ.

ಕಟ್ಟಡಪಾಲಕ:
ಬೇಸ್‌ಮೆಂಟಿಗೆ ಬೀಗ ಹಾಕ್ಸಿದೆ. ಸೀಲಿಂಗ್ ಕೆಲಸ ಸರ್ವೆ ಆಗೋವರೆಗೂ ನಿಲ್ಸಿದೀನಿ, ಓನರ್ ಮುಖ ಊದಿಸ್ಕೊಂಡಿದಾರೆ. ರಿಪೋರ್ಟಲ್ಲಿ ಇದೆ ಅಂತ ಬಂದ್ರೆ ಎಲ್ಲಾ ತೆಗೆಸ್ಬೇಕಾ?

ಧೂಳುಮೇಷ್ಟ್ರು:
ಎಲ್ಲಾ ಬೇಡ. ಚೆನ್ನಾಗಿರೋದಕ್ಕೆ ಸೀಲರ್ ಹೊಡೆದು ಲೇಬಲ್ ಹಚ್ಚಿ, ಫೋಟೋ ಸಮೇತ ರಿಜಿಸ್ಟರಲ್ಲಿ ಬರೆದು 6ರಿಂದ 12 ತಿಂಗಳಿಗೊಮ್ಮೆ ಮತ್ತೆ ನೋಡಿ, ಹಳೇ ಫೋಟೋ ಪಕ್ಕ ಇಟ್ಕೊಂಡು. ಹಾಳಾಗಿರೋದು, ಕೆಲಸಕ್ಕೆ ಅಡ್ಡ ಬರೋದು ಮಾತ್ರ ತೆಗೆಸಿ. ಆ ಪೈಪಿಂದು ತೆಗೆಸೋವಾಗ ಸುತ್ತ ಟೆಂಟ್ ಕಟ್ಟಿ ಒಳಗಿನ ಗಾಳಿಯನ್ನ ಸಣ್ಣ ನಾರನ್ನೂ ಹಿಡಿಯೋ ಹೆಪಾ ಫಿಲ್ಟರ್ ಮೂಲಕ ಹೊರಗೆಳೆಯೋ ಮೆಷಿನ್ ಇಡೋರನ್ನೇ ಕರೆಸಿ, ಮುಗಿದ ಮೇಲೆ ಗಾಳಿ ಟೆಸ್ಟ್ ಪಾಸಾಗದೆ ಬೀಗ ತೆಗೀಬೇಡಿ. ಆ ಟೆಸ್ಟ್ ಮಾಡೋ ಲ್ಯಾಬನ್ನ ನೀವೇ ಗೊತ್ತು ಮಾಡಿ, ಕಿತ್ತೋನು ಕರ್ಕೊಂಡು ಬರೋ ಲ್ಯಾಬ್ ಬೇಡ.