ಕಾಯಿಸಿದಾಗ ಕ್ಯಾಲ್ಸಿಯಂ ಫ್ಲೋರೈಡ್ ಹರಳಿನ ವಕ್ರೀಭವನ ಸೂಚ್ಯಂಕ (ಬೆಳಕು ಅದರೊಳಗೆ ಎಷ್ಟು ನಿಧಾನವಾಗುತ್ತದೆ ಎಂಬ ಅಳತೆ) ಇಳಿಯುವ ಬದಲು ಏರಿದಂತೆ ಬರುತ್ತಿದೆ

ಪ್ರಶ್ನೆ:
10 ಮಿ.ಮೀ. ದಪ್ಪದ ಹರಳನ್ನು ತಾಮ್ರದ ಹಿಡಿಕೆಯಲ್ಲಿ ಕೂರಿಸಿ, 632.8 ನ್ಯಾನೊಮೀಟರ್ ತರಂಗಾಂತರದ ಹೀಲಿಯಂ-ನಿಯಾನ್ ಲೇಸರ್ ಬೆಳಕು ಅದರ ಮುಂದಿನ ಮತ್ತು ಹಿಂದಿನ ಮೈಗಳಿಂದ ಪ್ರತಿಫಲಿಸಿ ಮೂಡಿಸುವ ವ್ಯತಿಕರಣ ಪಟ್ಟಿಗಳನ್ನು (ಎರಡು ಪ್ರತಿಫಲನಗಳು ಸೇರಿ ಮೂಡುವ ಬೆಳಕು-ಕತ್ತಲೆಯ ಗೆರೆಗಳನ್ನು) ಎಣಿಸುತ್ತಿದ್ದೇನೆ. 25ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರುವಾಗ 18 ಪಟ್ಟಿಗಳು ಸರಿದವು. ಅರ್ಧ ಗಂಟೆ ಅಲ್ಲೇ ಬಿಟ್ಟು ನಿಧಾನವಾಗಿ ತಣಿಸಿದಾಗ 20 ಸರಿದವು. 20ನ್ನೇ ಹಿಡಿದರೆ ವಕ್ರೀಭವನ ಸೂಚ್ಯಂಕದ ಬದಲಾವಣೆ ಪ್ರತಿ ಡಿಗ್ರಿಗೆ 1.6×10⁻⁵ ಎಂದು ಬರುತ್ತದೆ. ಕೈಪಿಡಿಗಳಲ್ಲಿ ಅದು ಋಣಾತ್ಮಕ, ಸುಮಾರು −1.1×10⁻⁵. ಲೇಸರ್ ಬದಲಿಸಿದ್ದಾಯಿತು, ಹರಳನ್ನು ತಿರುಗಿಸಿಟ್ಟಿದ್ದೂ ಆಯಿತು. ತಪ್ಪು ಎಲ್ಲಿದೆ?

ಉತ್ತರ:
ಎಣಿಕೆ ಸರಿಯಾಗಿದೆ, ಸೂತ್ರದಲ್ಲಿ ಒಂದು ಪದ ಬಿಟ್ಟುಹೋಗಿದೆ. ಪಟ್ಟಿಗಳು ತೋರಿಸುವುದು ಬರೀ ಸೂಚ್ಯಂಕವನ್ನಲ್ಲ, ಸೂಚ್ಯಂಕ ಮತ್ತು ದಪ್ಪಗಳ ಗುಣಲಬ್ಧವನ್ನು. ಕಾದ ಹರಳು ಹಿಗ್ಗುತ್ತದೆ, ಇದಂತೂ ಬೋರೊಸಿಲಿಕೇಟ್ ಕ್ರೌನ್ ಗಾಜಿಗಿಂತ ಎರಡು ಪಾಲಿಗೂ ಹೆಚ್ಚು ಹಿಗ್ಗುತ್ತದೆ. ಇದರ ರೇಖೀಯ ವ್ಯಾಕೋಚನ ಗುಣಾಂಕ ಸುಮಾರು 19×10⁻⁶. ಅದನ್ನು ಸೂಚ್ಯಂಕ 1.433ರಿಂದ ಗುಣಿಸಿದರೆ 2.7×10⁻⁵, ನಿಮ್ಮ 1.6×10⁻⁵ರಲ್ಲಿ ಇದನ್ನು ಕಳೆದರೆ −1.1×10⁻⁵ ಸಿಗುತ್ತದೆ. ಬೆಳಕನ್ನು ಎರಡು ದಾರಿಗಳಿಗೆ ಒಡೆದು ಮತ್ತೆ ಸೇರಿಸುವ ಮೈಕೆಲ್ಸನ್ ವ್ಯತಿಕರಣಮಾಪಕದ ಒಂದು ತೋಳಿನಲ್ಲಿ ಇಟ್ಟಿದ್ದರೆ, ಹರಳು ಹಿಗ್ಗಿದಷ್ಟೂ ಗಾಳಿಯ ದಾರಿ ಕುಗ್ಗುವುದರಿಂದ, 0.433ರಿಂದ ಗುಣಿಸಬೇಕಾಗುತ್ತಿತ್ತು, ಆಗ 40 ಡಿಗ್ರಿಗೆ ಮೂರು-ನಾಲ್ಕು ಪಟ್ಟಿಗಳಷ್ಟೇ ಸರಿಯುತ್ತಿದ್ದವು. ಅಳತೆಗೆ ನಿಮ್ಮ ಜೋಡಣೆಯೇ ಮೇಲು. ಈ ಹರಳಿನ ರಚನೆ ಘನಾಕೃತಿಯದು, ಎಲ್ಲ ದಿಕ್ಕಿಗೂ ಒಂದೇ ರೀತಿ ಹಿಗ್ಗುತ್ತದೆ, ಆದ್ದರಿಂದ ತಿರುಗಿಸಿಟ್ಟು ಪ್ರಯೋಜನವಿಲ್ಲ. ಕ್ವಾರ್ಟ್ಜ್ ಆಗಿದ್ದರೆ ಅದು ಬೇರೆ ಮಾತು.

18 ಮತ್ತು 20ರ ವ್ಯತ್ಯಾಸಕ್ಕೆ ಬಹುಶಃ ತಾಮ್ರಕ್ಕೆ ಅಂಟಿಸಿದ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿಜೋಡಿ) ಕಾರಣ. ತಾಮ್ರ 65 ಮುಟ್ಟಿದ ಕ್ಷಣದಲ್ಲಿ ಹರಳು ಇನ್ನೂ ಸುಮಾರು 4 ಡಿಗ್ರಿ ಹಿಂದಿತ್ತು. ಉಳಿದ ಎರಡು ಪಟ್ಟಿಗಳು ನೀವು ಎಣಿಸದ ಆ ಅರ್ಧ ಗಂಟೆಯಲ್ಲಿ ಸರಿದಿವೆ. ಅವಸರದಿಂದ ಕಾಯಿಸಬೇಡಿ, ಈ ಹರಳು ಬಿರುಕುಬಿಡುವ ಜಾತಿಯದು.

ಒಂದು ಸಂಶಯ ಮಾತ್ರ ಉಳಿಯುತ್ತದೆ: ಎಣಿಕೆಗೆ ದಿಕ್ಕಿಲ್ಲ. ಕಾಯಿಸುವಾಗ ಪಟ್ಟಿಗಳು ಹರಳಿನ ತೆಳು ಅಂಚಿನ ಕಡೆಗೆ ಸರಿದರೆ ಮಾತ್ರ ಗುಣಲಬ್ಧ ಹೆಚ್ಚುತ್ತಿದೆ ಎಂದು ಹೇಳಬಹುದು. ಅದನ್ನು ಗಮನಿಸಿದ್ದೀರಾ?

ಪ್ರಶ್ನೆ ಕೇಳಿದವರು:
ಇವತ್ತು ನೋಡಿದೆ. ಡಿಜಿಟಲ್ ಮೈಕ್ರೊಮೀಟರಿನಲ್ಲಿ ಕೆಳ ಅಂಚು 3 ಮೈಕ್ರಾನ್ ತೆಳುವಾಗಿದೆ, ಕಾಯಿಸುವಾಗ ಪಟ್ಟಿಗಳು ಒಂದರ ಹಿಂದೊಂದು ಕೆಳಗೇ ಇಳಿಯುತ್ತವೆ. ತೆಳು ತಂತಿಯ ಥರ್ಮೋಕಪಲ್ಲನ್ನು ಹರಳಿನ ಪಕ್ಕದ ಮೈಗೇ ತಾಗಿಸಿ, ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಕಾಯಿಸಿದೆ: ಏರುವಾಗ 20, ಇಳಿಯುವಾಗಲೂ 20.