ಹಳೇ ಇಗರ್ಜಿ: ಕೆಡವುವುದಾ, ಉಳಿಸುವುದಾ?

ಕುಂಬಳೆಯವ: ನಮ್ಮ ಕಡೆಯ ಒಂದು ಹಳೇ ಇಗರ್ಜಿಯ (ಚರ್ಚಿನ) ಗೋಡೆ ಪ್ರತಿ ಮಳೆಗಾಲ ಒಸರುತ್ತದೆ. ಭಾನುವಾರದ ಬಲಿಪೂಜೆಗೆ ಜಾಗ ಸಾಲದೆ ಜನ ಹೊರಗೆ ನಿಲ್ಲುತ್ತಾರೆ. ಕೆಡವಿ ಕಾಂಕ್ರೀಟಿನದ್ದು ಕಟ್ಟೋಣ ಅಂತ ಒಂದು ಗುಂಪು, ಬೇಡ ಅಂತ ಇನ್ನೊಂದು. ನಾನು ಕೆಡವುವವರ ಕಡೆ. ಮಂಗಳೂರಿನ ರೊಸಾರಿಯೊ ಕೆಥೆಡ್ರಲ್ ನೋಡಿ. 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದದ್ದು. 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ನಾಶವಾಯಿತು. ಆಮೇಲೆ ಎದ್ದದ್ದನ್ನೂ ತೆಗೆದು, 20ನೇ ಶತಮಾನದ ಮೊದಲ ಭಾಗದಲ್ಲಿ ಈಗಿನ ಗುಮ್ಮಟದ ಕಟ್ಟಡ ಕಟ್ಟಿದರು. ಹಿರಿಯರು ಹಳೆಯದನ್ನೇ ಹಿಡಿದು ಕೂತಿದ್ದರೆ ಆ ಗುಮ್ಮಟ ಬರುತ್ತಿತ್ತಾ?

ಬೇಳದ ಮಗಳು: ಅದೇ ಕೆಥೆಡ್ರಲಿನಲ್ಲಿ ಪೋರ್ಚುಗಲ್ ರಾಜನ ಲಾಂಛನವನ್ನು ಇವತ್ತಿಗೂ ಕಾಪಾಡಿಕೊಂಡಿದ್ದಾರೆ. ಕೆಡವಿದವರಿಗೂ ಹಿಂದಿನದರ ನೆನಪು ಬೇಕಿತ್ತು, ಅಲ್ವಾ? ಇನ್ನೊಂದು ಮಾತು. ಮಂಗಳೂರಿನಲ್ಲಿ ಹಳೇ ಇಗರ್ಜಿಗಳು ಬೇಕಾದಷ್ಟಿವೆ. ಕಾಸರಗೋಡಿನಲ್ಲಿ ಎಷ್ಟಿವೆ? ನಮ್ಮ ಬೇಳದ ಶೋಕಮಾತೆಯ ಇಗರ್ಜಿ 1890ರದ್ದು, ಗಾಥಿಕ್ ಶೈಲಿಯದ್ದು. ಅಂಥದ್ದು ಒಂದು ಹೋದರೆ ಈ ಕಡೆ ತೋರಿಸಲು ಇನ್ನೊಂದು ಸಿಗುವುದಿಲ್ಲ.

ಉಪ್ಪಳ ಎಂಜಿನಿಯರ್: ಒಸರುವ ಗೋಡೆಯ ಬಗ್ಗೆ ಹೇಳುತ್ತೇನೆ. ನಮ್ಮ ಕರಾವಳಿಯ ಹಳೇ ಇಗರ್ಜಿಗಳ ಮುಂಭಾಗ ಯುರೋಪಿನದ್ದು, ಮೈ ಮಾತ್ರ ಇಲ್ಲಿನದ್ದು. ಗೋಡೆ ಕೆಂಪುಕಲ್ಲು (ಮುರಕಲ್ಲು), ಗಾರೆ ಸುಣ್ಣದ್ದು, ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದೇ 1865ರಲ್ಲಿ. ಕೆಂಪುಕಲ್ಲಿನ ತುಂಬ ತೂತು, ಅದು ನೀರು ಕುಡಿಯುತ್ತದೆ. ಸುಣ್ಣದ ಗಾರೆ ಆ ನೀರನ್ನು ಬಿಸಿಲು ಬಂದಾಗ ನಿಧಾನವಾಗಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದು ಎನಾಮೆಲ್ ಬಣ್ಣ ಹೊಡೆದರೆ ನೀರಿಗೆ ದಾರಿ ಇಲ್ಲ. ಒಳಗೇ ನಿಲ್ಲುತ್ತದೆ, ಉಪ್ಪು ಹೊರಬರುತ್ತದೆ, ಬಣ್ಣ ಸುಲಿಯುತ್ತದೆ. ಆಗ ಜನ "ಗೋಡೆ ಹಳತಾಯಿತು" ಅನ್ನುತ್ತಾರೆ. ಎಷ್ಟೋ ಕಡೆ ತೊಂದರೆ ಗೋಡೆಯದ್ದಲ್ಲ, ಮೇಲೆ ಹಾಕಿದ ಸಿಮೆಂಟಿನದ್ದು. ನಿಮ್ಮಲ್ಲಿ ಸಿಮೆಂಟ್ ಹಾಕಿದ್ದಾರಾ?

ಕುಂಬಳೆಯವ: ಹಾಕಿದ್ದಾರೆ, ನಾಲ್ಕೂ ಕಡೆ. ನಾನು ಸಣ್ಣವನಿದ್ದಾಗಲೇ.

ಮಂಜೇಶ್ವರ ಮಾಷ್ಟ್ರು: ಎಂಜಿನಿಯರರೇ, ನೀವು ಹೇಳುವುದು ಸರಿ. ಆದರೆ ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಎಲ್ಲಿದ್ದಾರೆ? ಸುಣ್ಣ ನೀರಿನಲ್ಲಿ ನೆನೆದು ಹುಳಿಯಲು ದಿನ ಬೇಕು, ಗಾರೆ ಒಣಗಲು ಇನ್ನೂ ಜಾಸ್ತಿ ದಿನ. ಆ ಖರ್ಚು ಸಣ್ಣ ಊರಿನವರು ಹೊರಬೇಕು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಆದರೆ ಬೇರೆ ಮಾತು. ಅಲ್ಲಿ ಮೊಸ್ಕೇನಿಯ ಚಿತ್ರಗಳಿವೆ, ಉಳಿಸಲೇಬೇಕು. ನಮ್ಮದರಲ್ಲಿ ಇರುವುದು ಬರೀ ಗೋಡೆ.

ಬೇಳದ ಮಗಳು: ಮಾಷ್ಟ್ರೇ, ಅಲ್ಲಿನ ಗೋಡೆಯ ಚಿತ್ರಗಳು ನಿಂತಿರುವುದೇ ಗಾರೆಯಲ್ಲಿ! ಮೊಸ್ಕೇನಿ ಇಟಲಿಯ ಜೆಸ್ಯುಟ್ ಬ್ರದರ್. ಚಾವಣಿಗೆ ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣದಲ್ಲಿ ಬರೆದರು. ಗೋಡೆಯ ಮೇಲಿನದ್ದು ಫ್ರೆಸ್ಕೊ. ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚುವುದು. ಒಣಗುವಾಗ ಸುಣ್ಣವೇ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಗಾರೆ ಹೋದರೆ ಚಿತ್ರವೂ ಹೋಯಿತು. 1990ರ ದಶಕದಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟಾಕ್‌ನವರು ಅವನ್ನು ದುರಸ್ತಿ ಮಾಡಿದರು. ಚಿತ್ರ ಇದ್ದರೆ ಮಾತ್ರ ಗೋಡೆಗೆ ಬೆಲೆಯಾ? ನಮ್ಮ ಅಜ್ಜಂದಿರು ಕಲ್ಲು ಹೊತ್ತು ಕಟ್ಟಿದ ಗೋಡೆಗೆ ಬೆಲೆ ಇಲ್ವಾ?

ಮಂಜೇಶ್ವರ ಮಾಷ್ಟ್ರು: ಬೆಲೆ ಇಲ್ಲ ಅಂತ ನಾನು ಹೇಳಲಿಲ್ಲ ಮಗಾ. ಆದರೆ ಮಳೆಯಲ್ಲಿ ಹೊರಗೆ ಕೊಡೆ ಹಿಡಿದು ನಿಂತ ಮುದುಕರ ಬಗ್ಗೆಯೂ ಯೋಚಿಸಬೇಕು. ಮೊಂತಿ ಫೆಸ್ತಿನ (ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ದಿನವಂತೂ ತೆನೆ ಹಿಡಿದ ಮಕ್ಕಳಿಗೂ ಒಳಗೆ ಜಾಗ ಇರುವುದಿಲ್ಲ.

ಉಪ್ಪಳ ಎಂಜಿನಿಯರ್: ಆ ಮಾತನ್ನು ಒಪ್ಪುತ್ತೇನೆ. ಅದಕ್ಕೆ ಪಕ್ಕದ ಗೋಡೆಗೆ ಹೊಂದಿಕೊಂಡು ಅಗಲವಾದ ಜಗಲಿ ಇಳಿಸಬಹುದು. ಬಾಗಿಲು ತೆರೆದರೆ ಬಲಿಪೀಠ ಕಾಣಬೇಕು, ಅಷ್ಟೇ. ಮಳೆಯ ಎರಚಲೂ ಗೋಡೆಗೆ ತಾಗುವುದಿಲ್ಲ. ಕೆಡವುವ ಮೊದಲು ಒಂದು ಕೆಲಸ ಮಾಡಿ. ಮಳೆ ಹೊಡೆಯುವ ಪಡುಗೋಡೆಯಲ್ಲಿ ಒಂದು ಪಟ್ಟಿಯಷ್ಟು ಸಿಮೆಂಟ್ ಕೆತ್ತಿ ತೆಗೆಸಿ, ಸುಣ್ಣದ ಗಾರೆ ಹಾಕಿಸಿ, ಒಂದು ಮಳೆಗಾಲ ನೋಡಿ. ಹಂಚಿನ ಸೋರಿಕೆಯನ್ನೂ ಅಷ್ಟರಲ್ಲಿ ಸರಿಮಾಡಿಸಿ. ಮೇಲಿನಿಂದ ನೀರು ಇಳಿಯುತ್ತಿದ್ದರೆ ಗಾರೆಯಿಂದ ಏನೂ ಆಗುವುದಿಲ್ಲ.

ಕುಂಬಳೆಯವ: ಈಗಲೂ ನನಗೆ ದೊಡ್ಡ ಇಗರ್ಜಿ ಬೇಕು. ಆದರೆ ಮುಂದಿನ ಸಭೆಯಲ್ಲಿ ಫಾದರ್ ಮತ್ತು ಗುರಿಕಾರರ (ಇಗರ್ಜಿಯ ವಾರ್ಡುಗಳ ಮುಖಂಡರ) ಮುಂದೆ ಪಡುಗೋಡೆಯ ಈ ಸುಣ್ಣದ ಪಟ್ಟಿಯ ವಿಷಯ ಇಡುತ್ತೇನೆ. ಸುಣ್ಣದ ಕೆಲಸದ ಮೇಸ್ತ್ರಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.